ಸೊನ್ನೆ ಬಿಲ್ಲಿನ ಹಿಂದಿನ ಲೆಕ್ಕ

ಮಗಳ ಮನೆ ಬೆಂಗಳೂರಿನ ಬನಶಂಕರಿಯಲ್ಲಿ. ಹೋದ ಸಲ ಅಲ್ಲಿದ್ದಾಗ ಅಳಿಯ ಕರೆಂಟ್ ಬಿಲ್ ತೋರಿಸಿದರು. ಮೊತ್ತ ಸೊನ್ನೆ. "ಗೃಹಜ್ಯೋತಿ ಬಂದ್ಮೇಲೆ ಕರೆಂಟಿನ ಚಿಂತೆನೇ ಇಲ್ಲ ಮಾವ" ಎಂದರು. ನಮ್ಮ ಪಂಪ್‌ಸೆಟ್ಟಿಗೂ 10 ಎಚ್.ಪಿ. ತನಕ 2008ರಿಂದ ಬಿಲ್ ಇಲ್ಲ. ಬಿಲ್ ಇಲ್ಲವೆಂದರೆ ಖರ್ಚೂ ಇಲ್ಲವೇ? ಅಜ್ಜನ ಅಡಿಕೆ ತೋಟ ಲಿಂಗನಮಕ್ಕಿ ಹಿನ್ನೀರಿನಡಿ ಇರುವ ನನಗೆ ಈ ಪ್ರಶ್ನೆ ಸುಲಭದಲ್ಲಿ ಬಿಡಲಿಲ್ಲ. ಮೊಮ್ಮಗಳ ನೋಟ್‌ಬುಕ್ಕಿನಲ್ಲೇ ಜಮೆ-ಖರ್ಚು ಬರೆಯುತ್ತ ಕೂತೆ.

ಜಮೆ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಂಗ್ರಹ ಸುಮಾರು 150 ಟಿಎಂಸಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಕಲ್ಲಿದ್ದಲು ಬೇಡ, ಬೂದಿ ಇಲ್ಲ. ಬೇಕೆಂದಾಗ ಕೆಲವೇ ನಿಮಿಷದಲ್ಲಿ ಚಾಲೂ ಮಾಡಬಹುದು. ಸಂಜೆ ಸೌರವಿದ್ಯುತ್ ನಿಂತಾಗ ಇದು ದೊಡ್ಡ ಗುಣ.

ಖರ್ಚು: ಸುಮಾರು 300 ಚದರ ಕಿಲೋಮೀಟರ್, ಅಂದರೆ 75 ಸಾವಿರ ಎಕರೆ ನೀರಿನಡಿ. ಗದ್ದೆ, ತೋಟ, ಸೊಪ್ಪಿನಬೆಟ್ಟ, ಊರು, ದೇವಸ್ಥಾನ ಎಲ್ಲ ಅದರಲ್ಲಿ ಬಂತು. ಎದ್ದು ಹೋದವರ ಭೂಮಿ ಹಕ್ಕಿನ ತಕರಾರು ಇಂದಿಗೂ ಮುಗಿದಿಲ್ಲ. ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದು 2025ರಲ್ಲಿ. ಅಲ್ಲಿತನಕ ಲಾಂಚೇ ಗತಿ. ಕೆಳಗೆ ಹೊನ್ನಾವರದ ಅಳಿವೆಗೆ ವರ್ಷವಿಡೀ ಸಿಹಿನೀರು ಇಳಿದು ಉಪ್ಪಿನಂಶ ತಗ್ಗಿತು. ಬೆಳಚು ಹೆಕ್ಕಿ ಬದುಕುವವರಿಗೆ ಪೆಟ್ಟು ಬಿತ್ತು. ಇವರ ಯಾರ ನಷ್ಟವೂ ಬಿಲ್ಲಿನಲ್ಲಿ ಬರುವುದಿಲ್ಲ.

ಈಗ ಒಂದು ಅಳತೆ ನೆನಪಿಟ್ಟುಕೊಳ್ಳಿ. ಶರಾವತಿಯಲ್ಲಿ ನೀರು ಸುಮಾರು 440 ಮೀಟರ್ ಇಳಿಯುತ್ತದೆ. ಸಾವಿರ ಲೀಟರ್ ಇಳಿದರೆ ಹೆಚ್ಚುಕಮ್ಮಿ ಒಂದು ಯೂನಿಟ್. ಗ್ರಿಡ್ಡಿನಲ್ಲಿ ಎಲ್ಲ ಕರೆಂಟೂ ಬೆರೆಯುತ್ತದೆ, ನಿಜ. ಆದರೆ ಅಳೆಯಲು ಕೊಳಗವೊಂದು ಬೇಕಲ್ಲ!

ಬನಶಂಕರಿಯ ನಲ್ಲಿಗೆ ಬರುವ ಕಾವೇರಿ ನೀರನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಸಾವಿರ ಲೀಟರಿಗೆ ಲೆಕ್ಕದ ಪ್ರಕಾರ 1.36 ಯೂನಿಟ್; ಪಂಪಿನ, ಪೈಪಿನ ನಷ್ಟ ಸೇರಿದರೆ ಇನ್ನೂ ಜಾಸ್ತಿ. ಅಂದರೆ ಅಲ್ಲಿ ಸಾವಿರ ಲೀಟರ್ ಕುಡಿಯಲು ಇಲ್ಲಿ ಅದಕ್ಕಿಂತ ಹೆಚ್ಚು ನೀರು ಘಟ್ಟ ಇಳಿಯಬೇಕು.

2019ರಲ್ಲಿ ಲಿಂಗನಮಕ್ಕಿ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಎದ್ದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಅದರ ಲೆಕ್ಕವೂ ಇಲ್ಲೇ ಇದೆ. ಜಲಾಶಯ ಸಮುದ್ರಮಟ್ಟದಿಂದ 554 ಮೀಟರ್, ಬೆಂಗಳೂರು ಸುಮಾರು 900. ಇಳಿದು ಯೂನಿಟ್ ಕೊಡುವ ನೀರು ತಪ್ಪುತ್ತದೆ, ಮೇಲೆತ್ತಲು ಬೇರೆ ಯೂನಿಟ್ ಬೇಕು. ಎರಡು ಕಡೆ ಲುಕ್ಸಾನು.

ಗೇರುಸೊಪ್ಪೆಯಿಂದ ತಳಕಳಲೆಗೆ ನೀರೆತ್ತಿ ಮತ್ತೆ ಇಳಿಸುವ 2000 ಮೆಗಾವಾಟ್ ಯೋಜನೆಯನ್ನೂ ಹೀಗೇ ತೂಗಬೇಕು. ನಾಲ್ಕು ಯೂನಿಟ್ ಹಾಕಿದರೆ ಮೂರು ವಾಪಸ್ ಬರುತ್ತದೆ. ಅದು ಉತ್ಪಾದನೆಯಲ್ಲ, ದಾಸ್ತಾನು. ದಾಸ್ತಾನೂ ಬೇಕು. ಆದರೆ ಸಿಂಗಳೀಕದ ಅಭಯಾರಣ್ಯದೊಳಗೇ ಕಣಜ ಕಟ್ಟಬೇಕೇ ಎಂಬುದು ಪ್ರಶ್ನೆ.

ಅಣೆಕಟ್ಟೇ ಬೇಡವಿತ್ತು ಅಂತ ನಾನು ಹೇಳಲಾರೆ. ನನ್ನ ತೋಟಕ್ಕೂ ಅದೇ ಕರೆಂಟು. ಮುಳುಗಿದ್ದು ವಾಪಸ್ ಬರುವುದಿಲ್ಲ. ಅದರ ಬೆಲೆ ಅರಿತು ಬಳಸುವುದು ನಮ್ಮ ಕೈಲಿದೆ. 5 ಎಚ್.ಪಿ. ಪಂಪು ಒಂದು ಗಂಟೆ ಓಡಿದರೆ ನಾಲ್ಕು ಯೂನಿಟ್, ಅಂದರೆ ನಾಲ್ಕು ಸಾವಿರ ಲೀಟರ್ ಶರಾವತಿ. ತೋಟ ನೆನೆದ ಮೇಲೂ ಪಂಪು ಓಡುತ್ತಿದ್ದರೆ ಈಗ ನಾನು ಎದ್ದು ಹೋಗಿ ಸ್ವಿಚ್ ಆರಿಸುತ್ತೇನೆ.

ಅಳಿಯ ಪುಸ್ತಕ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ವಾಷರ್ ತಂದು ಹಾಕಿದರು.