ಅಸಲು ಮತ್ತು ನಕಲು

ಮನೆಯ ಉರ್ದುವಿನಲ್ಲೂ ಕಾಲೇಜಿನ ಕನ್ನಡದಲ್ಲೂ ಅಸಲು, ನಕಲು ನನಗೆ ಪರಿಚಿತ ಪದಗಳೇ. ಕಾಮರ್ಸ್‌ನವರಿಗೆ ಅಸಲು ಎಂದರೆ ಮೊದಲು ಬಡ್ಡಿ ನೆನಪಾಗುತ್ತದೆ! ಇಲ್ಲಿ ಅಸಲು ಎಂದರೆ ಮೂಲ ಡೇಟಾ. ಅದು ಬದಲಾದಂತೆಲ್ಲ ದೂರದ ಇನ್ನೊಂದು ಕಂಪ್ಯೂಟರಿನಲ್ಲೂ ಬದಲಾಗುವ ನಕಲನ್ನು ಇಡುವುದೇ ರೆಪ್ಲಿಕೇಶನ್.

ನೀವು ಬ್ಯಾಂಕಿಗೆ 500 ರೂಪಾಯಿ ಜಮಾ ಮಾಡಿದಿರಿ ಎನ್ನಿ. ಎರಡೂ ಕಡೆ ಬರೆದಾದ ಮೇಲೆಯೇ ‘ಆಯಿತು’ ಎಂದರೆ ಅದು ಸಿಂಕ್ರೊನಸ್. ಇಲ್ಲಿ ಬರೆದು ‘ಆಯಿತು’ ಎಂದು ಹೇಳಿ, ಅಲ್ಲಿಗೆ ಆಮೇಲೆ ಕಳಿಸಿದರೆ ಅಸಿಂಕ್ರೊನಸ್. ಮೊದಲನೆಯದರಲ್ಲಿ ಕಾಯಬೇಕು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ, 1,000 ಕಿ.ಮೀ. ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು. ಸಾವಿರಾರು ವ್ಯವಹಾರಗಳು ಸಾಲುಗಟ್ಟಿದಾಗ ಅದು ಬಹಳ. ಆದ್ದರಿಂದ ದೂರದ ಊರಿಗೆ ಸಾಮಾನ್ಯವಾಗಿ ಎರಡನೆಯದು. ಅದರಲ್ಲಿ ಅಸಲು ಹಾಳಾದರೆ ಕೊನೆಯ ಕೆಲವು ನಮೂದುಗಳು ಹೋಗಬಹುದು.

ಇನ್ನೊಂದು ತೊಂದರೆ, ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದಕ್ಕೇ ಬ್ಯಾಕಪ್ ಬೇರೆಯೇ ಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಕಲು ಹಿಂದೆ ಬಿದ್ದಿತ್ತು. ಸರಿಪಡಿಸಲು ಹೋದ ಎಂಜಿನಿಯರ್ ನಕಲಿನ ಬದಲು ಅಸಲನ್ನೇ ಅಳಿಸಿದರು. ದಿನದ ಬ್ಯಾಕಪ್ ನೋಡಿದರೆ, ಅದು ಆಗಿರಲೇ ಇಲ್ಲ. ವಿಫಲವಾಗಿದೆ ಎಂಬ ಇಮೇಲ್ ಕೂಡ ಯಾರಿಗೂ ತಲುಪಿರಲಿಲ್ಲ. ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಪ್ರತಿಯೊಂದು ಸಿಕ್ಕಿತು. ಆ 6 ಗಂಟೆಯ ಡೇಟಾ ಹೋಯಿತು.

ನಮ್ಮ ಅಬ್ಬಾ ಅವರ ಅಂಗಡಿಯ ಉದ್ರಿ ಲೆಕ್ಕವೆಲ್ಲ ಫೋನಿನಲ್ಲಿದೆ. ಶುಕ್ರವಾರ ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ತೆರೆದು, ಬಾಕಿ ಮೊತ್ತ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ.