ದೊಡ್ಡಾಸ್ಪತ್ರೆ, ಊರಾಸ್ಪತ್ರೆ: ನಡುವೆ ಒಂದು ಮಗು



ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದೊಡನೆ ದೇವದುರ್ಗ, ಮಾನ್ವಿಯ ಹೆತ್ತವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕಡೆ ನೋಡುತ್ತಾರೆ. ಅದು ಸರಿಯೇ. ರೋಗದ ಬಗೆಯನ್ನು ಗುರುತಿಸುವುದು, ಔಷಧದ ಕ್ರಮವನ್ನು ಗೊತ್ತುಮಾಡುವುದು ತಜ್ಞರ ಕೆಲಸ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಅಷ್ಟು ಕಾಲ ಊರುಬಿಟ್ಟು ಯಾರಿರಬಲ್ಲರು? ಬಹುಪಾಲು ದಿನಗಳನ್ನು ಮಗು ಮನೆಯಲ್ಲೇ ಕಳೆಯುತ್ತದೆ. ಆಗ ಅದಕ್ಕೆ ಆಸರೆ ಹತ್ತಿರದ ಆಸ್ಪತ್ರೆ.

ಕಿಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಗ್ಗುತ್ತವೆ. ಸೋಂಕನ್ನು ತಡೆಯುವ ಶಕ್ತಿ ಇಳಿಯುತ್ತದೆ. ಆಗ 100.4 ಡಿಗ್ರಿ ಜ್ವರ ಬಂದರೂ ಅದು ತುರ್ತು ಸ್ಥಿತಿ. ಗುಳಿಗೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ಬೆಂಗಳೂರಿನ ಬಸ್ಸಿಗೂ ಕಾಯಬೇಡಿ. ಮಾಂಸಖಂಡಕ್ಕೆ ಸೂಜಿಯನ್ನೂ ಹಾಕಿಸಬೇಡಿ, ರಕ್ತಸ್ರಾವವಾದೀತು. ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತನಾಳದ ಮೂಲಕ ಮೊದಲ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಸಿಗಬೇಕು. ಮುಂದಿನ ಆರೈಕೆ ರಾಯಚೂರಿನ ರಿಮ್ಸ್‌ನಲ್ಲಿ. ಅಲ್ಲಿನ ವೈದ್ಯರು ಬೆಂಗಳೂರಿನ ತಜ್ಞರೊಡನೆ ಫೋನಿನಲ್ಲಿ ಮಾತನಾಡಲಿ.

ಇದು ಸಾಧ್ಯವಾಗಬೇಕಾದರೆ ಬೆಂಗಳೂರು ಬಿಡುವ ಮುನ್ನ ಮೂರನ್ನು ಕೇಳಿ ಪಡೆಯಿರಿ:

1. ರೋಗದ ಹೆಸರು, ಕೊಟ್ಟ ಔಷಧ, ಮುಂದಿನ ತಾರೀಖು ಬರೆದ ಚೀಟಿ.
2. ರಾತ್ರಿ ಹೊತ್ತಿನಲ್ಲೂ ಕರೆ ಮಾಡಬಹುದಾದ ಫೋನ್ ನಂಬರು.
3. ಊರಲ್ಲಿ ಯಾವ ರಕ್ತಪರೀಕ್ಷೆ, ಎಂದು ಮಾಡಿಸಬೇಕು ಎಂಬ ಸೂಚನೆ.

ಊರಿಗೆ ಮರಳಿದ ವಾರದಲ್ಲೇ, ಮಗು ಚೆನ್ನಾಗಿರುವಾಗಲೇ, ಆ ಕಾಗದಗಳನ್ನು ಸ್ಥಳೀಯ ಮಕ್ಕಳ ವೈದ್ಯರಿಗೆ ತೋರಿಸಿ. ಜ್ವರದ ರಾತ್ರಿ ಪರಿಚಯ ಹೇಳಿಕೊಳ್ಳುವ ಹೊತ್ತಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಪ್ರಮಾಣ ತೀರಾ ಕಡಿಮೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಅದಕ್ಕೊಂದು ಕಾರಣ. ಮಗು ಆಡತೊಡಗಿತೆಂದೋ, ಹರಕೆ ಫಲಿಸಿತೆಂದೋ ಔಷಧ ನಿಲ್ಲಿಸುವವರಿದ್ದಾರೆ. ಪ್ರಾರ್ಥಿಸೋಣ, ಔಷಧವನ್ನೂ ಮುಂದುವರಿಸೋಣ. ಕೈ ಬರಿದಾಗಿ ನಿಲ್ಲಿಸುವವರೂ ಇದ್ದಾರೆ. ರೈಲಿನಲ್ಲಿ ರೋಗಿಗೂ ಜೊತೆಗಾರನಿಗೂ ರಿಯಾಯಿತಿ ಉಂಟು. ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಿರಿ. ಆದರೆ ತಪ್ಪಿದ ದಿನಗೂಲಿಯನ್ನು ಕೊಡುವವರಾರು?

ಸಂತ ಲೂಕರ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಗಾಯಕ್ಕೆ ಕಟ್ಟುಕಟ್ಟಿ ಅವನು ಹೊರಟುಹೋಗಲಿಲ್ಲ. ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿದ, ಖರ್ಚಿಗೆ ಹಣ ಕೊಟ್ಟ, ಮತ್ತೆ ಬರುವೆನೆಂದ. ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಮಗುವಿದ್ದರೆ, ಮಧ್ಯರಾತ್ರಿ ರಾಯಚೂರಿಗೆ ಹೊರಡಬಲ್ಲ ಒಂದು ವಾಹನವನ್ನೂ ಅದರ ಚಾಲಕನನ್ನೂ ಈ ಭಾನುವಾರವೇ ಗೊತ್ತುಮಾಡಿಡಿ.