'ರಾಯಟ್' ಎಂದು ಬರೆಯುವ ಮುನ್ನ

ದ್ವಿತೀಯ ಪಿಯುಸಿ ತರಗತಿಗೆ ಇಂಗ್ಲಿಷಿನಲ್ಲಿ ಒಂದು ವರದಿ ಬರೆಯಲು ಕೊಟ್ಟಿದ್ದೆ. ಊರಿಗೆ ಬಸ್ ಬೇಕೆಂದು ವಿದ್ಯಾರ್ಥಿಗಳು ತಾಲ್ಲೂಕು ಕಚೇರಿಯ ಮುಂದೆ ಕುಳಿತು ಮನವಿ ಸಲ್ಲಿಸಿದರು, ಇಷ್ಟೇ ವಿಷಯ. ನಾಲ್ಕೈದು ಜನ ಇದನ್ನು 'ರಾಯಟ್' ಎಂದು ಬರೆದಿದ್ದರು. ಕೇಳಿದರೆ, "ಗಲಾಟೆಗೆ ಇಂಗ್ಲಿಷಿನಲ್ಲಿ ಅದೇ ಅಲ್ಲವೇ ಸರ್?" ಎಂದರು. ಕಾಗುಣಿತದ ತಪ್ಪಾಗಿದ್ದರೆ ಅರ್ಧ ಅಂಕ ಕಳೆದು ಸುಮ್ಮನಾಗುತ್ತಿದ್ದೆ. ಇದು ಸುಮ್ಮನೆ ಕುಳಿತವರ ಮೇಲೆ ಅಪರಾಧ ಹೊರಿಸುವ ತಪ್ಪು.

ರಾಯಟ್ ಎಂಬುದು ಕಾನೂನಿನ ಪದವೂ ಹೌದು. ನಮ್ಮ ದೇಶದ ದಂಡ ಕಾನೂನಿನಲ್ಲಿ ಐದು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟ ಬಲಪ್ರಯೋಗ ಮಾಡಿದಾಗ ಮಾತ್ರ ಅದು ರಾಯಟ್. ಹಳೆಯ ಫ್ರೆಂಚಿನಲ್ಲಿ ಈ ಪದಕ್ಕೆ ಜಗಳ ಎಂದು ಅರ್ಥ. ಇಂಗ್ಲೆಂಡಿನಲ್ಲಿ 1715ರಲ್ಲಿ 'ರಾಯಟ್ ಆಕ್ಟ್' ಜಾರಿಗೆ ಬಂತು. ಹನ್ನೆರಡು ಅಥವಾ ಹೆಚ್ಚು ಜನ ಸೇರಿ ಶಾಂತಿ ಕದಡಿದರೆ ಅಧಿಕಾರಿ ಎದುರು ನಿಂತು ಘೋಷಣೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದ. ಆಮೇಲೆ ಒಂದು ಗಂಟೆಯೊಳಗೆ ಚದುರದವರಿಗೆ ಮರಣದಂಡನೆಯೂ ಆಗಬಹುದಿತ್ತು. ಇವತ್ತು 'ರೀಡ್ ದ ರಾಯಟ್ ಆಕ್ಟ್' ಎಂದರೆ ಬಲವಾಗಿ ಗದರಿಸುವುದು, ಅಷ್ಟೇ. ಹಾಸ್ಟೆಲ್ಲಿನವರಿಗೆ ಉದಾಹರಣೆ ಬೇಕಿಲ್ಲ.

ಬಸ್ಸಿಗಾಗಿ ಕುಳಿತವರಿಗೆ ಒಪ್ಪುವ ಪದ 'ಪ್ರೊಟೆಸ್ಟ್'. ಲ್ಯಾಟಿನ್ನಿನ 'ಟೆಸ್ಟಿಸ್', ಅಂದರೆ ಸಾಕ್ಷಿ, ಇದರ ಬೇರು. ಎಲ್ಲರ ಮುಂದೆ ನಿಂತು ಸಾಕ್ಷಿ ನುಡಿಯುವುದೇ ಮೂಲಾರ್ಥ. 'ಟೆಸ್ಟಿಮನಿ' ಇದರ ಹತ್ತಿರದ ನೆಂಟ. ಅರಬಿಯ 'ಶಹಾದತ್' ಬಲ್ಲವರಿಗೆ ಈ ಅರ್ಥ ಬೇಗ ಹಿಡಿಸುತ್ತದೆ.

'ಅಜಿಟೇಶನ್' ಎಂದರೆ ಮೂಲದಲ್ಲಿ ಅಲುಗಾಡಿಸುವುದು. ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ರಾವಣವನ್ನು ಅಜಿಟೇಟ್ ಮಾಡುತ್ತೇವೆ, ವಾಷಿಂಗ್ ಮೆಷಿನ್ನಿನೊಳಗೂ ಒಂದು ಅಜಿಟೇಟರ್ ಇದೆ. ನಮ್ಮ 'ಚಳವಳಿ'ಯಲ್ಲಿಯೂ ಚಲನೆಯೇ ಇದೆ. ಜೀವಶಾಸ್ತ್ರದವರು 'ಟ್ಯುಮಲ್ಟ್' ಪದವನ್ನು ಹೀಗೆ ನೆನಪಿಡಬಹುದು: ಅದೂ 'ಟ್ಯೂಮರ್' ಕೂಡ ಊದಿಕೊಳ್ಳು ಎಂಬ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. 'ಮಾಬ್' ಮಾತ್ರ ಕತ್ತರಿಸಿದ ಪದ. ಚಂಚಲ ಜನಸಮೂಹ ಎಂಬರ್ಥದ 'ಮೊಬಿಲೆ ವಲ್ಗಸ್' ಎಂಬ ಲ್ಯಾಟಿನ್ ಮಾತಿನ ತುಂಡು ಅದು. ಲೇಖಕ ಜೊನಾಥನ್ ಸ್ವಿಫ್ಟ್‌ಗೆ ಈ ಕತ್ತರಿಸಾಟ ಸ್ವಲ್ಪವೂ ಸೇರುತ್ತಿರಲಿಲ್ಲ. ಇವತ್ತಿಗೂ ಅದು ಹೀಯಾಳಿಕೆಯ ಪದವೇ.

ಇತಿಹಾಸದ ವಿದ್ಯಾರ್ಥಿಗಳು 'ಮ್ಯೂಟಿನಿ' ಪದದ ಮುಂದೆ ಸ್ವಲ್ಪ ನಿಲ್ಲಬೇಕು. ಸೈನಿಕರು ಅಥವಾ ನಾವಿಕರು ಮೇಲಧಿಕಾರಿಗಳಿಗೆ ತಿರುಗಿಬಿದ್ದರೆ ಅದು ಮ್ಯೂಟಿನಿ. 1857ರದ್ದನ್ನು ಬ್ರಿಟಿಷರು ಹಾಗೆಯೇ ಕರೆದರು. ಆದರೆ ಅವಧದ ರೈತರು ಯಾವ ಸೇನೆಯಲ್ಲಿದ್ದರು? ಬೇಗಂ ಹಜ್ರತ್ ಮಹಲ್ ಯಾವ ಅಧಿಕಾರಿಯ ಆಜ್ಞೆ ಮೀರಿದರು? ಆ ಒಂದು ಪದ ಇವರನ್ನೆಲ್ಲ ಕಣ್ಣಿಂದ ಮರೆ ಮಾಡುತ್ತದೆ. 'ಅನ್‌ರೆಸ್ಟ್' ಕೂಡ ಹೀಗೆಯೇ ಮೃದುವಾಗಿ ಜಾರಿಸುತ್ತದೆ. ಬ್ರಿಟಿಷ್ ಪತ್ರಕರ್ತ ವ್ಯಾಲೆಂಟೈನ್ ಚಿರೋಲ್ 1910ರಲ್ಲಿ 'ಇಂಡಿಯನ್ ಅನ್‌ರೆಸ್ಟ್' ಎಂಬ ಪುಸ್ತಕ ಬರೆದ. ಜನರಿಗೆ ನೆಮ್ಮದಿ ಇಲ್ಲ ಎಂಬುದನ್ನು ಆ ಪದ ಹೇಳುತ್ತದೆ, ನೆಮ್ಮದಿ ಕೆಡಿಸಿದ್ದು ಯಾರು ಎಂಬುದನ್ನು ಹೇಳುವುದಿಲ್ಲ. ಅದರಲ್ಲಿ ತಿಲಕರ ಬಗ್ಗೆ ಬರೆದದ್ದಕ್ಕೆ ಅವರು ಲಂಡನ್ನಿನ ಕೋರ್ಟಿಗೆ ಹೋದರು, 1919ರಲ್ಲಿ ಸೋತರು.

ವರದಿಯನ್ನು ಮತ್ತೊಮ್ಮೆ ಬರೆಸಿದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಧರಣಿ ಎಂದೇ ಬರೆಯಬಹುದಾ ಸರ್?" ಬರೆಯಬಹುದು. 'ಧರ್ನಾ' ಇಂಗ್ಲಿಷ್ ನಿಘಂಟಿನಲ್ಲಿದೆ. ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಉಪವಾಸ ಕೂರುವ ಹಳೆಯ ಪದ್ಧತಿಗೆ ಆ ಹೆಸರಿತ್ತು. 'ಹರ್ತಾಲ್', 'ಘೆರಾವೊ' ಕೂಡ ನಮ್ಮಲ್ಲಿಂದಲೇ ಅಲ್ಲಿಗೆ ಹೋದವು.